ಯಾರ ನೆಂಟರೂ ಅಲ್ಲದವರ ಬೆಂಚು

ಹೋದವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಸತ್ತವರಿಗೆ ತೋರುವ ಗೌರವವಲ್ಲ, ಇದ್ದವರು ಮಾಡಿಕೊಳ್ಳುವ ಅನುಕೂಲ. ನಾಟಕದ ಮೇಷ್ಟ್ರೂ ಒಪ್ಪುತ್ತಿರಲಿಲ್ಲ. ಅವರ ಕೈಯಲ್ಲಿ ಕಲಿತು ರಾಜನ ಪಾತ್ರ ಮಾಡುತ್ತಿದ್ದ ಜಮೀನುದಾರರೊಬ್ಬರು ತೀರಿಕೊಂಡಾಗ ಊರವರೆಲ್ಲ ಆ ಪಾತ್ರವನ್ನು ಹೊಗಳುತ್ತಿದ್ದರಂತೆ. ಮೇಷ್ಟ್ರು ಹೆಣಕ್ಕೆ ಹಾರ ಹಾಕಿ, ಕೈ ಮುಗಿದು, "ಒಳ್ಳೇ ಮನ್ಸ. ಶ್ರುತಿ ಮಾತ್ರ ಯಾವತ್ತೂ ಸೇರ್ನಿಲ್ಲ," ಅಂದು ಈಚೆಗೆ ಬಂದರಂತೆ. ಇದನ್ನು ಹೇಳಿದವರು ಅವರೇ. ಆದ್ದರಿಂದ ನಿಜವಿರಬಹುದು, ಇಲ್ಲದಿರಲೂಬಹುದು.

ಅವರ ದಾರಿಯಲ್ಲೇ ನಾನೂ ಮೊದಲೇ ಹೇಳಿಬಿಡುತ್ತೇನೆ. ಮೇಷ್ಟ್ರು ಹಟಮಾರಿ. ಬೇರೆಯವರ ವಾದವನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳುತ್ತಿದ್ದರು, ತಲೆ ಆಡಿಸುತ್ತಿದ್ದರು, ಆಮೇಲೆ ತಾವು ಮೊದಲೇ ಅಂದುಕೊಂಡಿದ್ದನ್ನೇ ಮಾಡುತ್ತಿದ್ದರು. ಚರ್ಚಾಸ್ಪರ್ಧೆಯಲ್ಲಿ ಇಂಥವರನ್ನು ಸೋಲಿಸಬಹುದು. ಅಂಗಡಿಯ ಕೌಂಟರಿನಲ್ಲಿ ಆಗುವುದಿಲ್ಲ.

ನಮ್ಮ ಪರಿಚಯ ಆದದ್ದೂ ಬೆಳೆದದ್ದೂ ಕೌಂಟರಿನಲ್ಲೇ. ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಚಿಕ್ಕಪ್ಪನ ಫ್ಲೆಕ್ಸ್ ಅಂಗಡಿ. ರಾಮನಗರದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ ಮೇಲೆ, ಚರ್ಚೆಯಲ್ಲಿ ಗೆದ್ದ ಷೀಲ್ಡುಗಳನ್ನು ನೋಡಿ ಯಾರೂ ಕೆಲಸ ಕೊಡುವುದಿಲ್ಲ ಎಂದು ಗೊತ್ತಾಗಿ, ನಾನು ಅಲ್ಲಿ ಡಿಸೈನ್ ಮಾಡಲು ಕೂತಿದ್ದೆ. ಹುಟ್ಟುಹಬ್ಬ, ಶ್ರದ್ಧಾಂಜಲಿ, ನಾಯಕರಿಗೆ ಸ್ವಾಗತ. ಎಲ್ಲಕ್ಕೂ ಹಿಂದುಗಡೆ ಅದೇ ಸೂರ್ಯೋದಯ. ಮೇಷ್ಟ್ರು ನಾಟಕದ ಕರಪತ್ರ, ಫ್ಲೆಕ್ಸು ಮಾಡಿಸಲು ಬರುತ್ತಿದ್ದರು. ಹಳೇ ಮೊಪೆಡ್ಡಿನ ಹಿಂದೆ ಹಾರ್ಮೋನಿಯಂ ಪೆಟ್ಟಿಗೆ, ಅದರ ಮೇಲೆ ಮಡಿಚಿದ ಕಂಬಳಿ. ಬಿಳಿ ಅಂಗಿಯ ಕಾಲರಿನ ಹಿಂದೆ ಬೆವರು ತಾಗದ ಹಾಗೆ ಕರ್ಚೀಫು. ಮೊದಲ ದಿನವೇ ಒಂದು ಕಾಗುಣಿತದ ವಿಷಯಕ್ಕೆ ನಾವಿಬ್ಬರೂ ಜಗಳವಾಡಿದೆವು. ಅಂದಿನಿಂದ ಅವರು ನನ್ನನ್ನು ಲಾಯರಮ್ಮ ಅಂದರು. ಕೊನೆಯವರೆಗೂ ಹಾಗೇ ಕರೆದರು.

ನಮ್ಮ ಕಡೆಯ ಪೌರಾಣಿಕ ನಾಟಕದ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು. ಬೇರೆ ಕಡೆ ನಾಟಕ ನೋಡುವವನು ದುಡ್ಡು ಕೊಡುತ್ತಾನೆ, ನಮ್ಮ ಹಳ್ಳಿಗಳಲ್ಲಿ ಆಡುವವನು ಕೊಡುತ್ತಾನೆ. ಕಿರೀಟ ದೊಡ್ಡದಾದಷ್ಟೂ ಕೊಡುವುದೂ ದೊಡ್ಡದು. ರಾಜನ ಪಾತ್ರ ತೋಟ ಇದ್ದವನಿಗೆ, ಮಂತ್ರಿಯ ಪಾತ್ರ ಡೈರಿ ಸೆಕ್ರೆಟರಿಗೆ, ದೂತನ ಪಾತ್ರ ಯಾರ ಬಲವೂ ಇಲ್ಲದವನಿಗೆ. ಆ ದುಡ್ಡಿನಲ್ಲಿ ಸೀನರಿಯವರು, ತಬಲದವರು, ಹೆಣ್ಣು ಪಾತ್ರಕ್ಕೆ ಪೇಟೆಯಿಂದ ಬರುವ ಕಲಾವಿದೆಯರು, ಎಲ್ಲರಿಗೂ ಕೊಟ್ಟು ಮಿಕ್ಕಿದ್ದು ತಿಂಗಳಾನುಗಟ್ಟಲೆ ಹಾಡು ಕಲಿಸಿದ ಮೇಷ್ಟ್ರಿಗೆ.

ಹಾಗಾದರೆ ನೋಡುವವರು ಯಾರು? ಆಡುವವರ ನೆಂಟರು. ಬೀಗರು ಒಂದು ಚಾಪೆ, ಅತ್ತೆ ಮನೆಯವರು ಒಂದು ಚಾಪೆ. ತಮ್ಮವನು ರಂಗಕ್ಕೆ ಬಂದು ಒಂದು ಪದ ಹಾಡಿದ ಕೂಡಲೇ ಮೇಲೆ ಹತ್ತಿ ಹಾರ ಹಾಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ರಾಜನಿಗೆ ಬಾಣ ತಾಗಿದೆ, ಸಾಯುತ್ತಿದ್ದಾನೆ, ಆಗ ಅವನ ಷಡ್ಡಕ ಹಾರ ಹಿಡಿದು ಬರುತ್ತಾನೆ. ಸಾಯುತ್ತಿದ್ದ ರಾಜ ಎದ್ದು ಕೂತು, ಕೈ ಮುಗಿದು, ಕ್ಯಾಮೆರಾ ಕಡೆ ನೋಡಿ, ಮತ್ತೆ ಮಲಗಿ ಸಾಯುತ್ತಾನೆ. ಹಾರ ಬಿದ್ದ ಮೇಲೆ ಆ ಚಾಪೆ ಖಾಲಿ. ಕಡೆಯ ಅಂಕದ ಹೊತ್ತಿಗೆ ಕಡೆಯ ಪಾತ್ರಧಾರಿಯ ಮನೆಯವರು ಮಾತ್ರ ಉಳಿದಿರುತ್ತಾರೆ. ಅವರೂ ಬಹಳ ಮಟ್ಟಿಗೆ ನಿದ್ದೆಯಲ್ಲಿರುತ್ತಾರೆ.

ಮೇಷ್ಟ್ರು ಮಾಡುತ್ತಿದ್ದ ಒಂದು ಕೆಲಸ ಎಲ್ಲರಿಗೂ ವಿಚಿತ್ರವಾಗಿ ಕಾಣುತ್ತಿತ್ತು. ಯಾವ ಊರಿನಲ್ಲಿ ನಾಟಕವಿದ್ದರೂ ಅಲ್ಲಿನ ಸ್ಕೂಲಿನಿಂದ ಒಂದು ಬೆಂಚು ತರಿಸಿ ಎಲ್ಲರಿಗಿಂತ ಮುಂದೆ ಹಾಕಿಸುತ್ತಿದ್ದರು. ಅದರ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ. ಎಮ್ಮೆಲ್ಲೆ ಕಡೆಯವರಿಗೆ ಇಟ್ಟಿರಬೇಕು ಎಂದು ಜನ ಸುಮ್ಮನಿದ್ದರು. ಒಮ್ಮೆ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ಪಂಚಾಯಿತಿ ಮೆಂಬರೊಬ್ಬರು ಕೂತರು. ಮೇಷ್ಟ್ರು ಹಾಡು ನಿಲ್ಲಿಸಿ, ಮೈಕಿನಲ್ಲೇ, "ಅಣ್ಣಾ, ನಿಮ್ಮ ಭಾವಮೈದ ಮಂತ್ರಿ ಪಾರ್ಟು ಮಾಡ್ತಾವ್ರೆ, ಅಲ್ವಾ? ಹಂಗಾರೆ ಚಾಪೆ ಮ್ಯಾಲೆ ಕೂತ್ಕೊಳ್ಳಿ. ಅದು ಬರೀ ನೋಡಕ್ಕೆ ಬಂದೋರ ಜಾಗ," ಅಂದರು. ಆ ಊರಿನವರು ಮತ್ತೆ ಅವರನ್ನು ಕರೆಯಲಿಲ್ಲ.

ಬೆಂಚು ಯಾವಾಗಲೂ ಖಾಲಿಯೇ ಇರುತ್ತಿತ್ತು. ಅದನ್ನು ನಾನೇ ನೋಡಿದ್ದೇನೆ. ನಾಟಕದ ಫೋಟೋ, ವಿಡಿಯೋ ತೆಗೆಯುವ ಕೆಲಸವನ್ನೂ ಚಿಕ್ಕಪ್ಪ ಒಪ್ಪಿಕೊಳ್ಳುತ್ತಿದ್ದುದರಿಂದ ಮೇಷ್ಟ್ರ ಎಷ್ಟೋ ನಾಟಕಗಳಲ್ಲಿ ನಾನು ಟ್ರೈಪಾಡ್ ಪಕ್ಕ ನಿಂತಿದ್ದೆ. ಒಮ್ಮೆ ಕಾಲು ನೋಯುತ್ತಿತ್ತು ಎಂದು ಆ ಬೆಂಚಿನ ತುದಿಗೆ ಕೂತೆ.

"ಏಳವ್ವ," ಅಂದರು.

"ನಾನು ಯಾರ ನೆಂಟಳೂ ಅಲ್ಲವಲ್ಲ ಮೇಷ್ಟ್ರೇ."

"ಕೂಲಿಗೆ ಬಂದಿದ್ದೀಯ. ಅದೂ ಲೆಕ್ಕಕ್ಕಿಲ್ಲ."

ವಾದ ಸರಿಯಾಗಿತ್ತು. ಎದ್ದೆ.

ಅವರ ಹಾರ್ಮೋನಿಯಂನಲ್ಲಿ ಒಂದು ಮನೆ, ಅಂದರೆ ಸ್ವರದ ಪಟ್ಟಿ, ಸತ್ತಿತ್ತು. ಒತ್ತಿದರೆ ಬರೀ ಗಾಳಿ. ಆ ಸ್ವರ ಬರುವ ಜಾಗದಲ್ಲೆಲ್ಲ ಮೇಷ್ಟ್ರು ಮೂಗಿನಲ್ಲಿ "ಹ್ಞೂಂ" ಎಂದು ತಾವೇ ತುಂಬುತ್ತಿದ್ದರು. ಪಾತ್ರಧಾರಿ ಎಷ್ಟೇ ಗಂಭೀರವಾದ ಪದ ಹಾಡುತ್ತಿರಲಿ, ನಡುವೆ ಒಂದು ಹ್ಞೂಂ. ಹೊಸಬರಿಗೆ ಮೇಷ್ಟ್ರು ಯಾವುದಕ್ಕೋ ಒಪ್ಪಿಗೆ ಕೊಡುತ್ತಿದ್ದಾರೆ ಅನ್ನಿಸುತ್ತಿತ್ತು. "ರಿಪೇರಿ ಮಾಡಿಸಿ," ಎಂದರೆ, "ಬೇಡ ಕಣವ್ವ, ಹುಡುಗ್ರು ಅಲ್ಲಾದ್ರೂ ಒಸಿ ನನ್ ಕಡೆ ನೋಡ್ತಾವೆ," ಅನ್ನುತ್ತಿದ್ದರು. ದುಡ್ಡಿಲ್ಲ ಅನ್ನುವುದಕ್ಕಿಂತ ಅದು ಚೆನ್ನಾಗಿ ಕೇಳಿಸುತ್ತಿತ್ತು.

ಬಿಡದಿಯ ಫ್ಯಾಕ್ಟರಿಗಳು ಮೇಷ್ಟ್ರ ಕಸುಬನ್ನು ಕೆಡಿಸಿದವು ಎಂದು ಜನ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಫ್ಯಾಕ್ಟರಿ ಸಂಬಳ ಬಂದ ಮೇಲೆಯೇ ಎಷ್ಟೋ ಹುಡುಗರಿಗೆ ಕಿರೀಟ ಕೈಗೆಟುಕಿದ್ದು. ಕೆಟ್ಟದ್ದು ತಾಲೀಮು. ಒಂದು ನಾಟಕದಲ್ಲಿ ರಾಜನಿಗೆ ಫಸ್ಟ್ ಶಿಫ್ಟು, ಮಂತ್ರಿಗೆ ಸೆಕೆಂಡ್ ಶಿಫ್ಟು. ಮೇಷ್ಟ್ರು ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಕಲಿಸಿದರು. ರಾಜನಿಗೆ ಕಲಿಸುವಾಗ ತಾವೇ ಮಂತ್ರಿ, ಮಂತ್ರಿಗೆ ಕಲಿಸುವಾಗ ತಾವೇ ರಾಜ. ಇಬ್ಬರೂ ಎದುರುಬದುರಾದದ್ದು ರಂಗದ ಮೇಲೆಯೇ. ರಾಜ ತನ್ನ ಮಾತು ಮುಗಿಸಿ, ಉತ್ತರಕ್ಕಾಗಿ ಅಭ್ಯಾಸದ ಪ್ರಕಾರ ಮೇಷ್ಟ್ರ ಕಡೆ ತಿರುಗಿದ. ಮಂತ್ರಿಯೂ ಮೇಷ್ಟ್ರ ಕಡೆ ತಿರುಗಿ ಉತ್ತರ ಕೊಟ್ಟ. ಇಡೀ ಆಸ್ಥಾನ ಹಾರ್ಮೋನಿಯಂ ಕಡೆ ಮುಖ ಮಾಡಿಕೊಂಡು ನಡೆಯಿತು. "ಲೇ, ಒಬ್ರ ಮುಖ ಒಬ್ರು ನೋಡ್ರುಲಾ, ಒಂದೇ ಕಂಪ್ನಿಯೋರು," ಎಂದು ಮೇಷ್ಟ್ರು ಬೈದದ್ದು ಮೈಕಿನಲ್ಲಿ ಕೇಳಿಸಿ ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಈಗ ಬೂಸ್ಟಿನ ವಿಷಯ.

ಫ್ಲೆಕ್ಸು ಕಮ್ಮಿಯಾಗುತ್ತಿದ್ದ ಕಾಲ. ಜನ ಗೋಡೆ ನೋಡುವುದನ್ನು ಬಿಟ್ಟು ಮೊಬೈಲು ನೋಡುತ್ತಿದ್ದರು. ಚಿಕ್ಕಪ್ಪ ಒಂದು ದಿನ, "ಆ ಪೇಜು ಮಾಡಿ ದುಡ್ಡು ಕಟ್ಟಿ ಹರಡೋದನ್ನ ನಾವೇ ಮಾಡಿಕೊಡೋಣ ಕಣಮ್ಮ," ಅಂದರು. ಬಿರಿಯಾನಿ ಹೋಟೆಲು, ಸೀರೆ ಅಂಗಡಿ, ಎಲೆಕ್ಷನ್ನಿಗೆ ನಿಲ್ಲುವ ಆಸೆಯವರು, ಇವರಿಗೆಲ್ಲ ನಾನು ಪೇಜು ನಡೆಸತೊಡಗಿದೆ. ಪೇಜಿನ ಕಂಪನಿಗೆ ದುಡ್ಡು ಕಟ್ಟಿದರೆ ಅವರು ನಮ್ಮ ವಿಡಿಯೋವನ್ನು ನಾವು ಹೇಳಿದ ಊರಿನವರ ಮೊಬೈಲಿಗೆ ತಳ್ಳುತ್ತಾರೆ. ಅದಕ್ಕೆ ಬೂಸ್ಟ್ ಅನ್ನುತ್ತಾರೆ, ಅಷ್ಟೇ ವಿದ್ಯೆ. ಅದರಲ್ಲಿ ನನಗೆ ನಂಬಿಕೆ ಇರಲಿಲ್ಲ. ದುಡ್ಡು ಕೊಟ್ಟು ಎಳೆದು ತಂದ ಕಣ್ಣು ಕಣ್ಣೇ ಅಲ್ಲ ಎಂದು ನಾನು ಗಿರಾಕಿಗಳಿಗೂ ಹೇಳಿದ್ದೆ. ಚಿಕ್ಕಪ್ಪ, "ನೀನು ವಾದ ಮಾಡ್ಬೇಡ, ಮೌಸ್ ಹಿಡ್ಕೋ," ಅಂದಿದ್ದರು.

ಮೇಷ್ಟ್ರು ಕರಪತ್ರದ ಪ್ರೂಫ್ ನೋಡಲು ಬಂದವರು ನನ್ನ ಹಿಂದೆ ನಿಂತು ಇದನ್ನೆಲ್ಲ ನೋಡಿದರು.

"ಅದೇನವ್ವ, ಮೀಟ್ರು ತರ ಏರ್ತಾ ಐತೆ?"

"ಬಿರಿಯಾನಿ ನೋಡಿದವರು, ಮೇಷ್ಟ್ರೇ."

"ತಿಂದೋರಾ?"

"ನೋಡಿದವರು."

"ಇವರೆಲ್ಲ ಹೋಟ್ಲೋನ್ಗೆ ಏನಾಗ್ಬೇಕು?"

"ಏನೂ ಆಗಬೇಕಿಲ್ಲ. ಗೊತ್ತಿಲ್ಲದವರಿಗೇ ತೋರಿಸೋದು. ಅದಕ್ಕೇ ದುಡ್ಡು."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹಾಡೂ ತೋರ್ಸಬೌದಾ?"

ನಾನು ತೋರಿಸಬಾರದು ಎಂದು ವಾದಿಸಿದೆ. ನಿಮ್ಮ ನಾಟಕದಲ್ಲಿ ಆಡುವವನು ದುಡ್ಡು ಕೊಟ್ಟು ನೆಂಟರನ್ನು ಕೂರಿಸುತ್ತಾನೆ, ಅದು ಬೇಸರ ಅಂತ ತಾನೆ ನಿಮ್ಮ ಬೆಂಚು? ಈಗ ನೀವೂ ದುಡ್ಡು ಕೊಟ್ಟು ಜನರನ್ನು ಕೂರಿಸಿದರೆ ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮೇಷ್ಟ್ರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ನಿಮ್ ಕಾಲೇಜಲ್ಲಿ ನಿನ್ ವಾದ ಕೇಳಕ್ಕೆ ಯಾರು ಬತ್ತಿದ್ರು?"

"ಕ್ಲಾಸು ಬಿಡಿಸಿ ಕೂರಿಸುತ್ತಿದ್ದರು."

"ಹಾಜ್ರಿ ಇತ್ತಾ?"

"ಇತ್ತು."

"ಹಂಗಾರೆ ಅವರೂ ನೆಂಟ್ರೇ ಬುಡು. ನೋಡವ್ವ, ಕರೆಯಕ್ಕೆ ದುಡ್ಡು ಕೊಡದು ಬ್ಯಾರೆ, ಕೂರಕ್ಕೆ ದುಡ್ಡು ಕೊಡದು ಬ್ಯಾರೆ. ತಮ್ಟೆಯೋನ್ಗೂ ಕೊಟ್ಟೇ ಸಾರ್ಸದು. ಬಂದೋನು ಕೂರ್ತಾನೋ ಏಳ್ತಾನೋ ಅವನಿಷ್ಟ. ಹಾಕು."

ಹಾರ್ಮೋನಿಯಂ ರಿಪೇರಿಗೆ ಎಂದು ಎತ್ತಿಟ್ಟಿದ್ದ ದುಡ್ಡು ಅದಕ್ಕೆ ಹೋಯಿತು. ವಿಡಿಯೋಕ್ಕೆ ಕಿರೀಟ ಹಾಕಿದ ಶಿಷ್ಯರನ್ನು ಕರೆತರುತ್ತೇನೆ ಅಂದರು. ಬೇಡ, ನೀವೊಬ್ಬರೇ ಹಾಡಿ ಅಂದೆ. ಅಂಗಡಿಯ ಹಿಂದೆ, ಫ್ಲೆಕ್ಸು ಒಣಹಾಕುವ ಜಾಗದಲ್ಲಿ, ಕಂಬಳಿ ಹಾಸಿಕೊಂಡು ಕೂತು ಹಾಡಿದರು. ಹ್ಞೂಂ ಸಮೇತ. ಚೆನ್ನಾಗಿ ಹಾಡಿದರು. ಅದನ್ನು ಒಪ್ಪಿಕೊಳ್ಳಲು ನನಗೇನೂ ತೊಂದರೆಯಿಲ್ಲ.

ತೊಂದರೆ ಶುರುವಾದದ್ದು ಊರು ಆರಿಸುವಾಗ. ಯಾವ ಯಾವ ಊರಿನವರಿಗೆ ಕಾಣಬೇಕು ಎಂದು ಅಲ್ಲಿ ಗುರುತು ಹಾಕಬೇಕು. ನಾನು ಚನ್ನಪಟ್ಟಣದಿಂದ ಶುರು ಮಾಡಿದೆ.

"ಚನ್ನಪಟ್ಣ ತೆಗಿ. ಅಲ್ಲೆಲ್ಲ ನಮ್ಮೋರೇ."

"ರಾಮನಗರ?"

"ತಂಗಿ ಮನೆ."

"ಕನಕಪುರ?"

"ಹೆಂಡ್ತಿ ತೌರು. ಒಂದು ಹೋಬ್ಳಿ ಪೂರಾ ನನ್ ಬಾಮೈದ್ರೇ."

"ಮಾಗಡಿ ಆದರೂ ಇರಲಿ."

"ಅಲ್ಲಿ ಶಿಷ್ಯಂದ್ರು. ಮೇಷ್ಟ್ರು ಹಾಡವ್ರೆ ಅಂತ ಮುಖ ನೋಡ್ಕೊಂಡು ಒತ್ತುಬುಡ್ತಾರೆ. ತೆಗಿ."

ಇನ್ನು ಉಳಿಯುವುದೇನು ಎಂದು ಕೇಳಿದೆ. ಮಂಡ್ಯದಲ್ಲಿ ಬೀಗರು, ಅದನ್ನೂ ತೆಗೆಸಿದರು. ನಾನು ವಾದಿಸಿದೆ. ಮೇಷ್ಟ್ರೇ, ನಾಟಕಕ್ಕೆ ಬಸ್ಸು ಹತ್ತಿ ಬರಬಲ್ಲವರನ್ನೆಲ್ಲ ನೀವು ತೆಗೆಸುತ್ತಿದ್ದೀರಿ. ಉಳಿದವರು ನೋಡಬಹುದು, ಬರಲಾರರು. ಅವರು ತಲೆ ಆಡಿಸಿದರು. "ನೀನ್ ಹೇಳದು ಸರಿ. ತೆಗಿ," ಅಂದರು. ಬಂಧುಬಳಗವನ್ನು ಕಳೆದರೆ ಭೂಪಟದಲ್ಲಿ ಹತ್ತಿರದ ಊರೊಂದೂ ಉಳಿಯದಂಥ ಮನುಷ್ಯನಿಗೆ ಇಂಥ ತಪ್ಪನ್ನು ಬಿಟ್ಟು ಬೇರೆ ತಪ್ಪು ಮಾಡಲು ಸಾಧ್ಯವಿರಲಿಲ್ಲ. ಬೀದರ್, ಬೆಳಗಾವಿ, ಕಾರವಾರ, ಆಮೇಲೆ ಹೊರಗಿನ ರಾಜ್ಯಗಳು. ಆ ಕಡೆಗೆಲ್ಲ ಹಾಡು ಹೋಯಿತು.

ಲೈಕು ಬಂದವು. ಧಾರಾಳವಾಗಿ ಬಂದವು. ಮೇಷ್ಟ್ರು ದಿನಾ ಸಾಯಂಕಾಲ ಬಂದು ನನ್ನ ಹಿಂದೆ ನಿಂತು ಹೆಸರು ಓದಿಸುತ್ತಿದ್ದರು.

"ಇವನ್ಯಾವೂರು?"

"ಬೀದರ್. ಸೂಪರ್ ಸರ್ ಅಂತ ಬರೆದಿದ್ದಾನೆ."

"ಅವನ್ಗೂ ನಮ್ಗೂ ಏನೂ ಸಂಬಂಧ ಇಲ್ಲ, ಅಲ್ವಾ?"

"ಏನೇನೂ ಇಲ್ಲ."

"ಆಗ್ಲಿ."

ಇಂಥವರು ಬಹಳ ಸಲ ಕೇಳದೆಯೇ ಲೈಕ್ ಒತ್ತುತ್ತಾರೆ ಎಂದೆ. ಎಷ್ಟು ಹೊತ್ತು ನೋಡಿದರು ಎಂಬುದನ್ನೂ ತೋರಿಸಿದೆ. ಹೆಚ್ಚಿನವರು ಶ್ರುತಿ ಹಿಡಿಯುವ ಮುಂಚೆಯೇ ಹೋಗಿದ್ದರು. ಮೇಷ್ಟ್ರು ಅದನ್ನೂ ಪೂರ್ತಿ ಕೇಳಿಸಿಕೊಂಡು, "ಎಲ್ರೂ ಅಲ್ವಲ್ಲ," ಅಂದರು.

ಇದರ ಬೆನ್ನಿಗೇ ಅವರು ನಾಟಕ ಹಿಡಿದರು. ಬೈರಾಪಟ್ಟಣದಲ್ಲಿ, ಭಾನುವಾರ, ಹಗಲು ನಾಟಕ. ರಾತ್ರಿ ಯಾಕೆ ಬೇಡ ಎಂದರೆ ದೂರದಿಂದ ಬರುವವರಿಗೆ ವಾಪಸು ಬಸ್ಸು ಸಿಗಬೇಕಲ್ಲ ಅಂದರು. ಷರತ್ತು ಎರಡು. ಆಡುವವರು ದುಡ್ಡು ಕೊಡುವಂತಿಲ್ಲ. ರಂಗ ಹತ್ತಿ ಯಾರೂ ಹಾರ ಹಾಕುವಂತಿಲ್ಲ. ಇದನ್ನು ಕೇಳಿ ಪಾತ್ರಧಾರಿಗಳು ಸಂತೋಷಪಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ರಾಜನ ಪಾತ್ರದವರು ಅಂಗಡಿಗೇ ಬಂದು ಜಗಳ ತೆಗೆದರು. "ಪುಕ್ಸಟ್ಟೆ ಕಿರೀಟ ಇಟ್ಕೊಂಡ್ರೆ ಊರಲ್ಲಿ ಏನಂತಾರೆ ಮೇಷ್ಟ್ರೇ? ಸೋತೋದ ಅಂತಾರೆ. ತಗೊಳಿ ದುಡ್ಡ." ಮೇಷ್ಟ್ರು ತಗೊಳ್ಳಲಿಲ್ಲ. ಅವರು ಪಾತ್ರ ಬಿಟ್ಟರು. ಕೊನೆಗೆ ರಾಜನಾಗಿ ಸಿಕ್ಕವರು ಒಬ್ಬರು ರಿಟೈರಾದ ಬಸ್ ಕಂಡಕ್ಟರು. ಧ್ವನಿ ದೊಡ್ಡದು, ಆದರೆ ಅಭ್ಯಾಸಬಲದಿಂದ ಯುದ್ಧಭೂಮಿಯಲ್ಲೂ ಸೈನಿಕರನ್ನು "ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ" ಎಂದು ತಳ್ಳುತ್ತಿದ್ದರು. ಸೀನರಿ, ಪೆಂಡಾಲು, ಕಲಾವಿದೆಯರು ಎಲ್ಲವೂ ಮೇಷ್ಟ್ರ ಕೈಯಿಂದಲೇ.

ನಾಟಕದ ವಿಷಯ ಪೇಜಿನಲ್ಲಿ ಹಾಕಿದೆ, ಅದೇ ದೂರದ ಊರುಗಳಿಗೇ ಬೂಸ್ಟ್ ಮಾಡಿದೆ. 'ಬರುತ್ತೇನೆ' ಎಂದು ಒತ್ತುವ ಒಂದು ಗುಂಡಿ ಇರುತ್ತದೆ. ಜನ ಒತ್ತಿದರು. ಮೇಷ್ಟ್ರು ಅದನ್ನು ನೋಡಿ ನೇರ ಅಡುಗೆಯವರ ಹತ್ತಿರ ಹೋದರು.

ನನಗೆ ತಿಳಿದದ್ದು ಅಡುಗೆಯವರು ಅಂಗಡಿಗೆ ಫೋನು ಮಾಡಿ "ಅಷ್ಟು ಜನಕ್ಕೆ ಅನ್ನ ಅಂತಾವ್ರಲ್ಲ ಮೇಷ್ಟ್ರು, ಮದ್ವೆ ಏನಾದ್ರೂ ಐತಾ?" ಎಂದಾಗ. ಮೇಷ್ಟ್ರು ಬಂದ ಕೂಡಲೇ ಹಿಡಿದುಕೊಂಡೆ.

"ಮೇಷ್ಟ್ರೇ, ಅದು ಸುಮ್ಮನೆ ಒತ್ತೋದು. ಕಾರವಾರದವನು ಬೈರಾಪಟ್ಟಣಕ್ಕೆ ನಾಟಕ ನೋಡೋಕೆ ಬರ್ತಾನಾ?"

"ಬತ್ತೀನಿ ಅಂದವ್ನೆ."

"ಒತ್ತಿದ್ದಾನೆ."

"ಒತ್ತಿದ್ರೇನು, ಬಾಯಲ್ ಅಂದ್ರೇನು? ಬತ್ತೀನಿ ಅಂದೋನ್ಗೆ ಅನ್ನ ಮಾಡ್ದೆ ಇದ್ದು, ಅವನು ಬಂದುಬುಟ್ರೆ?"

"ಬರದಿದ್ದರೆ?"

"ಬರ್ದಿದ್ರೆ ಅನ್ನ ಮಿಗ್ತದೆ. ಮಿಕ್ಕದು ಅವಮಾನ ಅಲ್ಲ, ಸಾಲ್ದೆ ಬರದು ಅವಮಾನ." ಸ್ವಲ್ಪ ಯೋಚಿಸಿ, "ಮುದ್ದೆ ಬ್ಯಾಡ ಅಂದಿವ್ನಿ. ಆ ಕಡೆಯೋರ್ಗೆ ನುಂಗಕ್ ಬರಲ್ಲ," ಅಂದರು.

ನಾನು ಬೇರೆ ರೀತಿಯಲ್ಲಿ ಹೇಳಿ ನೋಡಿದೆ. ಅವರು ಆಗಲೂ ತಲೆ ಆಡಿಸಿದರು.

ಭಾನುವಾರ ಬೈರಾಪಟ್ಟಣದ ಸ್ಕೂಲಿನ ಬಯಲಿನಲ್ಲಿ ಪೆಂಡಾಲು ಬಿದ್ದಿತ್ತು. ಮುಂದೆ ಬೆಂಚು. ಒಂದಲ್ಲ, ಆ ದಿನ ಸ್ಕೂಲಿನ ಎಲ್ಲ ಬೆಂಚುಗಳನ್ನೂ ತರಿಸಿದ್ದರು. ಪಾತ್ರಧಾರಿಗಳ ಮನೆಯವರು ಹಿಂದೆ ಚಾಪೆಯ ಮೇಲೆ ಕೂತಿದ್ದರು, ಅದೂ ಕೆಲವರೇ. ಹಾರ ಹಾಕುವಂತಿಲ್ಲ ಎಂದ ಮೇಲೆ ಹೆಚ್ಚಿನವರು ಬಂದಿರಲಿಲ್ಲ. ಮೇಷ್ಟ್ರು ಹೊಸ ಪಂಚೆ ಉಟ್ಟು, ಬೆಂಗಳೂರು ಕಡೆಯಿಂದ ಬರುವ ಪ್ರತಿ ಬಸ್ಸನ್ನೂ ನೋಡುತ್ತಿದ್ದರು. ಬಸ್ಸುಗಳು ನಿಲ್ಲುತ್ತಿದ್ದವು, ಹೋಗುತ್ತಿದ್ದವು. ಇಳಿದವರು ಊರಿನವರೇ. ನಾನು ಟ್ರೈಪಾಡ್ ನಿಲ್ಲಿಸಿ ಸುಮ್ಮನಿದ್ದೆ. ಗೆದ್ದ ವಾದವನ್ನು ಮತ್ತೆ ಹೇಳುವುದು ಸಭ್ಯತೆಯಲ್ಲ.

ಹೇಳಿದ ಹೊತ್ತು ಮೀರಿತು. ಕಂಡಕ್ಟರು ಕಿರೀಟ ಹಾಕಿಕೊಂಡು ಬಂದು, "ಮೇಷ್ಟ್ರೇ, ಟೈಮಾಯ್ತು. ರೈಟ್ ಅನ್ಲಾ?" ಅಂದರು. ಮೇಷ್ಟ್ರು ಒಮ್ಮೆ ಬೆಂಚುಗಳ ಕಡೆ ನೋಡಿ ಹಾರ್ಮೋನಿಯಂ ಮುಂದೆ ಕೂತರು.

ಖಾಲಿ ಬೆಂಚುಗಳಿಗೆ ಅವರು ಎಂದಿನ ಹಾಗೇ ಹಾಡಿದರು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅದು ನಿಜವಲ್ಲ. ಆ ದಿನ ಮೊದಲ ಅಂಕದಲ್ಲಿ ಅವರು ಕೆಟ್ಟದಾಗಿ ಹಾಡಿದರು. ಎರಡು ಕಡೆ ತಾಳ ತಪ್ಪಿತು. ಸತ್ತ ಮನೆಯ ಜಾಗದಲ್ಲಿ ಹ್ಞೂಂ ಅನ್ನುವುದನ್ನೂ ಮರೆತರು.

ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ರಸ್ತೆಯ ಆಚೆ ತಗಡಿನ ಶೆಡ್ಡುಗಳಲ್ಲಿ ಉತ್ತರ ಭಾರತದ ಕಡೆಯ ಕೆಲಸಗಾರರು ಇದ್ದರು. ಭಾನುವಾರ ರಜ. ಮೈಕಿನ ಸದ್ದು ಕೇಳಿ ಒಬ್ಬೊಬ್ಬರೇ ಬಂದು ಕಾಂಪೌಂಡಿನ ಹೊರಗೆ ನಿಂತರು. ಲುಂಗಿ, ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಮದುವೆಯೋ, ಪೂಜೆಯೋ, ಒಳಗೆ ಹೋದರೆ ಬೈಯುತ್ತಾರೋ ಎಂದು ಅನುಮಾನಿಸುತ್ತ ನಿಂತಿದ್ದರು. ಮೇಷ್ಟ್ರು ಪದದ ನಡುವೆಯೇ ತಲೆ ಎತ್ತಿದರು. ಹಾಡು ನಿಲ್ಲಿಸಿ ಮೈಕಿಗೆ ಬಾಯಿಟ್ಟರು.

"ಬೈಠೋ, ಭಾಯಿ. ಆವೋ, ಬೈಠೋ. ಇಧರ್, ಬೆಂಚ್ ಬೆಂಚ್."

ಅವರು ಬಂದು ಕೂತರು. ಕಂಡಕ್ಟರು ರಂಗದ ಮೇಲಿನಿಂದಲೇ ಕೈ ಬೀಸಿ ಹಿಂದಿನವರಿಗೆ ಮುಂದಿನ ಬೆಂಚು ತೋರಿಸಿದರು. ಅವರ ಇಡೀ ಸೇವಾವಧಿಯಲ್ಲಿ ಸೀಟು ಖಾಲಿ ಇದ್ದದ್ದನ್ನು ನೋಡಿ ಅಷ್ಟು ಖುಷಿಪಟ್ಟ ದಿನ ಇನ್ನೊಂದಿರಲಾರದು.

ಎರಡನೇ ಅಂಕದಿಂದ ಮೇಷ್ಟ್ರು ದಾರಿಗೆ ಬಂದರು. ಹ್ಞೂಂ ಮರಳಿ ಬಂತು. ನಡುವೆ ಊಟಕ್ಕೆ ಬಿಟ್ಟರು. ಅನ್ನ, ಅವರೆಕಾಳು ಸಾರು, ಪಾಯಸ. ಕೆಲಸಗಾರರು ಶೆಡ್ಡಿನಲ್ಲಿದ್ದ ಉಳಿದವರನ್ನೂ ಕರೆತಂದರು. ಮೇಷ್ಟ್ರು ತಾವೇ ಸೌಟು ಹಿಡಿದು ಬಡಿಸಿದರು. ಊಟವಾದ ಮೇಲೆ ಹೋಗುತ್ತಾರೆ ಎಂದು ನಾನು ಕಾಯುತ್ತಿದ್ದೆ. ಕೆಲವರು ಹೋದರು. ಹೆಚ್ಚಿನವರು ಮತ್ತೆ ಬೆಂಚಿಗೆ ಬಂದರು.

ಮೊದಲ ಬೆಂಚಿನ ತುದಿಯಲ್ಲಿ ಒಬ್ಬನಿದ್ದ. ಮಧ್ಯವಯಸ್ಸು, ಬಲಗೈಯಲ್ಲಿ ಸಿಮೆಂಟು ಕಚ್ಚಿದ ಗಾಯಕ್ಕೆ ಬಟ್ಟೆ ಸುತ್ತಿದ್ದ. ಕಥೆ ಅವನಿಗೆ ತಿಳಿದಿರಬಹುದು, ಪುರಾಣ ಎಲ್ಲ ಕಡೆಯೂ ಇರುತ್ತದೆ. ಮಾತು ಖಂಡಿತ ತಿಳಿಯುತ್ತಿರಲಿಲ್ಲ. ಅವನು ರಂಗದ ಕಡೆ ನೋಡುತ್ತಲೂ ಇರಲಿಲ್ಲ. ಮೇಷ್ಟ್ರ ಕೈಯನ್ನೇ ನೋಡುತ್ತಿದ್ದ. ಇಳಿಮಧ್ಯಾಹ್ನದ ಹೊತ್ತಿಗೆ, ಒಂದು ಉದ್ದದ ಪದ ನಡೆಯುತ್ತಿದ್ದಾಗ, ಸತ್ತ ಮನೆ ಬಂತು. ಮೇಷ್ಟ್ರು "ಹ್ಞೂಂ" ಅಂದರು. ಬೆಂಚಿನಿಂದಲೂ ಒಂದು "ಹ್ಞೂಂ" ಬಂತು. ಅದೇ ಸ್ವರ, ಅದೇ ಹೊತ್ತಿಗೆ.

ಮೇಷ್ಟ್ರು ತಿರುಗಿ ನೋಡಲಿಲ್ಲ. ಆ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು. ಸತ್ತ ಮನೆ ಬಂದಾಗ ಈ ಸಲ ಬಾಯಿ ಮುಚ್ಚಿಕೊಂಡರು. ಗಾಳಿಯ ಸದ್ದು ಹೊರಡುವಷ್ಟರಲ್ಲಿ ಬೆಂಚಿನವನು ಒಬ್ಬನೇ ತುಂಬಿದ. ಕೊನೆಯವರೆಗೂ ಹಾಗೇ ನಡೆಯಿತು. ಕಂಡಕ್ಟರು ಬಾಣ ತಾಗಿ ಬಿದ್ದು, ಯಾರ ಹಾರವೂ ಇಲ್ಲದೆ, ನಡುವೆ ಏಳದೆ, ಒಂದೇ ಸಲಕ್ಕೆ ಸತ್ತರು. ನಾನು ನೋಡಿದ ನಾಟಕಗಳಲ್ಲಿ ಅದು ಮೊದಲ ಸಲ.

ಮುಗಿದ ಮೇಲೆ ಅವನು ಮೇಷ್ಟ್ರ ಹತ್ತಿರ ಬಂದು ಹಾರ್ಮೋನಿಯಂನ ಆ ಮನೆಯನ್ನು ಎಡಗೈ ಬೆರಳಲ್ಲಿ ಒಂದು ಸಲ ಒತ್ತಿ ನೋಡಿದ. ನಕ್ಕ. ಮೇಷ್ಟ್ರೂ ನಕ್ಕರು. ಇಬ್ಬರ ನಡುವೆ ಬೇರೆ ಮಾತಾಗಲಿಲ್ಲ. ಹೆಸರೂ ಕೇಳಲಿಲ್ಲ.

ಪೆಂಡಾಲು ಬಿಚ್ಚುವಾಗ ನಾನು ಮೇಷ್ಟ್ರ ಪಕ್ಕ ಕೂತೆ. ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನಗೆ ಬರುವುದಿಲ್ಲ.

"ಅವರು ಊಟಕ್ಕೆ ಬಂದವರು, ಮೇಷ್ಟ್ರೇ."

"ಊಟಕ್ಕೆ ಮುಂಚೆ ಬಂದ್ರಲ್ಲ?"

"ಮೈಕ್ ಸದ್ದಿಗೆ."

"ಊಟ ಆದ್ಮೇಲೂ ಇದ್ರಲ್ಲ?"

"ತಗಡಿನ ಶೆಡ್ಡು ಕಾದಿರುತ್ತೆ. ಇಲ್ಲಿ ನೆರಳಿತ್ತು. ಇನ್ನು ಪೇಜಿನಿಂದ ಒಬ್ಬರೂ ಬರಲಿಲ್ಲ. ದುಡ್ಡು ಪೂರ್ತಿ ನೀರಿಗೆ ಹೋಯ್ತು."

ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ತಲೆ ಆಡಿಸಿದರು.

"ಬತ್ತೀನಿ ಅಂದೋರು ಬರ್ನಿಲ್ಲ, ದಿಟ. ಆದ್ರೆ ಅವ್ರು ಅನ್ನದೆ ಇದ್ದಿದ್ರೆ ನಾನು ಅಷ್ಟು ಅನ್ನ ಮಾಡಸ್ತಿರ್ನಿಲ್ಲ, ಅಷ್ಟು ಬೆಂಚು ಹಾಕಸ್ತಿರ್ನಿಲ್ಲ. ಅದ್ ಬುಡು. ಹ್ಞೂಂ ಅಂದ್ನಲ್ಲ ಅವನು, ಅದಕ್ಕೇನಂತೀಯ? ನೆರಳಿಗೆ ಹ್ಞೂಂ ಅಂದ್ನಾ?"

"ಅವನೊಬ್ಬ."

"ಒಬ್ಬನ್ನೇ ಕಣವ್ವ ನಾನು ಇಷ್ಟ್ ವರ್ಸ ಕೇಳಿದ್ದು."

ಚರ್ಚೆಯಲ್ಲಿ ಪ್ರತಿವಾದಕ್ಕೆ ಕೊಡುವ ಸಮಯ ಮುಗಿದರೆ ಗಂಟೆ ಹೊಡೆಯುತ್ತಾರೆ. ಅಲ್ಲಿ ಗಂಟೆ ಹೊಡೆಯುವವರು ಇರಲಿಲ್ಲ, ನಾನೇ ಎದ್ದು ಟ್ರೈಪಾಡ್ ಮಡಚಿದೆ.

ಆಮೇಲೆ ಮೇಷ್ಟ್ರು ಬೂಸ್ಟ್ ಮಾಡಿಸಲಿಲ್ಲ. ಅಂಗಡಿಗೆ ಬರುವುದು ಬಿಡಲಿಲ್ಲ. ರಸ್ತೆ ಕೆಲಸ ಮುಂದಕ್ಕೆ ಸಾಗಿದ ಹಾಗೆ ಶೆಡ್ಡುಗಳೂ ಮದ್ದೂರಿನ ಕಡೆ ಹೋದವು. ಆ ಕಡೆ ಹೋಗುವವರು ಯಾರೇ ಸಿಕ್ಕರೂ, "ರೋಡ್ ಕೆಲ್ಸದೋರಲ್ಲಿ ಕೈಗೆ ಬಟ್ಟೆ ಸುತ್ತಿರೋನು ಒಬ್ಬ ಅವ್ನಾ ನೋಡಪ್ಪ," ಅನ್ನುತ್ತಿದ್ದರು. ಗಾಯ ಅಷ್ಟು ದಿನ ಇರುವುದಿಲ್ಲ, ಬಟ್ಟೆ ಬಿಚ್ಚಿರುತ್ತಾನೆ ಎಂದೆ. "ಹೌದಲ್ವಾ," ಅಂದರು. ಮರುದಿನ ಇನ್ನೊಬ್ಬರಿಗೂ ಅದನ್ನೇ ಹೇಳಿದರು. ನಾಟಕಗಳು ಹಳೇ ಪದ್ಧತಿಗೆ ಮರಳಿದವು, ದುಡ್ಡು, ಹಾರ, ಷಡ್ಡಕ. ಮುಂದೆ ಒಂದೇ ಬೆಂಚು. ಖಾಲಿ.

ಚಿಕ್ಕಪ್ಪ ಅಂಗಡಿ ಮುಚ್ಚಿ ನಾನು ರಾಮನಗರದಲ್ಲಿ ಬೇರೆ ಕೆಲಸಕ್ಕೆ ಸೇರಿದ ಮೇಲೆ ಭೇಟಿ ನಿಂತುಹೋಯಿತು. ಹೋದ ತಿಂಗಳು ಅವರು ತೀರಿಕೊಂಡರು ಎಂದು ಕಂಡಕ್ಟರು ಫೋನು ಮಾಡಿದರು. ಮಣ್ಣಿಗೆ ಹೋಗಲು ಆಗಲಿಲ್ಲ, ತಿಥಿಗೆ ಹೋದೆ.

ಅವರ ಮನೆಯ ಮುಂದೆ ಶಾಮಿಯಾನ. ಫೋಟೋದ ಪಕ್ಕ ಹಾರ್ಮೋನಿಯಂ ಇಟ್ಟಿದ್ದರು. ಭಜನೆಗೆ ಬೇಕಾಗುತ್ತದೆ ಎಂದು ಅಳಿಯ ಅದನ್ನು ರಿಪೇರಿ ಮಾಡಿಸಿದ್ದರಂತೆ. ಶಿಷ್ಯನೊಬ್ಬ ನುಡಿಸುತ್ತಿದ್ದ. ಎಲ್ಲ ಮನೆಗಳೂ ನುಡಿಯುತ್ತಿದ್ದವು. ಆ ಸ್ವರ ಬಂದಾಗಲೆಲ್ಲ ನನಗೆ ತಪ್ಪು ನುಡಿಸಿದ ಹಾಗೆ ಕೇಳಿಸುತ್ತಿತ್ತು.

ಊಟಕ್ಕೆ ಎಲೆ ಹಾಕುತ್ತಿದ್ದರು. ಕನಕಪುರದ ಭಾವಮೈದುನರೊಬ್ಬರು ಬಂದವರನ್ನು ವಿಚಾರಿಸುತ್ತ, ಇವರು ಬೀಗರು, ಇವರು ಶಿಷ್ಯರು ಎಂದು ಪಂಕ್ತಿಗೆ ಕೂರಿಸುತ್ತಿದ್ದರು. ನನ್ನ ಹತ್ತಿರ ಬಂದು ನಿಂತರು.

"ಯಾರ್ ಕಡೆಯವ್ವ ನೀನು?"

"ಯಾರ ಕಡೆಯೂ ಅಲ್ಲ."

"ನಾಟ್ಕದೋರಾ?"

"ಅಲ್ಲ."

"ಮತ್ತೆ? ಏನಾರ ಕೆಲ್ಸ ಇತ್ತಾ?"

"ಕೆಲಸ ಏನೂ ಇಲ್ಲ. ಬರೀ ನೋಡೋಕೆ ಬಂದೆ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ತಿಥಿಗೆ ಯಾರೂ ಹಾಗೆ ಬರುವುದಿಲ್ಲ. ಆಮೇಲೆ ಮುಂದಿನ ಸಾಲಿನಲ್ಲಿ ಒಬ್ಬರನ್ನು ಒಸಿ ಸರಿಸಿ, ಒಂದು ಎಲೆ ಹಾಕಿಸಿ,

"ಕೂತ್ಕೋ ಹಂಗಾರೆ," ಅಂದರು.